ಕಾರ್ಯಸೂಚಿಯಿಲ್ಲದ ಸಭೆಗಳ ಪೂರ್ವಕಥೆ

ಸಭೆಯೆಂದೊಡನೆ ನಮ್ಮ ನಾಡಿನವರ ಮನಸ್ಸಿಗೆ ಬರುವ ಚಿತ್ರ ಸುಪರಿಚಿತವಾದುದು. ಎತ್ತರದ ವೇದಿಕೆ, ಅದರ ಮೇಲೆ ಸಾಲಾಗಿರಿಸಿದ ಕುರ್ಚಿಗಳು, ಪ್ರಾರ್ಥನೆ, ಸ್ವಾಗತಭಾಷಣ, ಮಾಲಾರ್ಪಣೆ, ಉದ್ಘಾಟಕರ ನುಡಿ, ಅಧ್ಯಕ್ಷರ ನುಡಿ, ಕಡೆಗೆ ವಂದನಾರ್ಪಣೆ. ಇಷ್ಟರ ನಡುವೆ ಕೆಳಗೆ ನೆರೆದ ಜನರ ಪಾಲಿಗೆ ಬಂದ ಕರ್ತವ್ಯವೆಂದರೆ ಕುಳಿತಿರುವುದೊಂದೇ. ಆ ಜನರ ನಡುವೆ ಪ್ರಸ್ತುತ ವಿಷಯವನ್ನು ವೇದಿಕೆಯ ಮೇಲಿನವರಿಗಿಂತ ಚೆನ್ನಾಗಿ ಬಲ್ಲವರಿರಬಹುದು; ಅದೇ ಕೆಲಸವನ್ನು ಕೈಯಾರೆ ಮಾಡಿ ಆಯುಷ್ಯವನ್ನು ಸವೆಸಿದವರಿರಬಹುದು; ಆದರೂ ಯಾರು, ಯಾವುದನ್ನು ಕುರಿತು, ಎಷ್ಟು ಹೊತ್ತು ಮಾತನಾಡಬೇಕೆಂಬುದು ಅವರು ಮನೆಯಿಂದ ಹೊರಡುವ ಮುನ್ನವೇ ಆಹ್ವಾನಪತ್ರಿಕೆಯಲ್ಲಿ ಅಚ್ಚಾಗಿ ಹೋಗಿರುತ್ತದೆ.

ಈಚಿನ ನಾಲ್ಕು ದಶಕಗಳಲ್ಲಿ ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಬಗೆಯ ಸಭೆ ಲೋಕದಲ್ಲಿ ಪ್ರಚಾರಕ್ಕೆ ಬಂದಿದೆ. ಅಲ್ಲಿ ವೇದಿಕೆಯಿಲ್ಲ, ಕುರ್ಚಿಗಳು ಮಂಡಲಾಕಾರವಾಗಿರುತ್ತವೆ, ಗೋಡೆಯ ಮೇಲೆ ಬರಿಯ ವೇಳಾಪಟ್ಟಿಯ ಮನೆಗಳಿದ್ದು ಅವೆಲ್ಲ ಖಾಲಿಯಾಗಿರುತ್ತವೆ. ಬಂದವರಲ್ಲಿ ಯಾರ ಮನಸ್ಸಿನಲ್ಲಿ ಒಂದು ಪ್ರಶ್ನೆಯಿದೆಯೋ ಅವರು ಎದ್ದು, ಅದನ್ನು ಕಾಗದದ ಮೇಲೆ ಬರೆದು, ಎಲ್ಲರೆದುರು ಓದಿ ಹೇಳಿ, ಗೋಡೆಯ ಖಾಲಿ ಮನೆಯೊಂದರಲ್ಲಿ ಅಂಟಿಸುತ್ತಾರೆ. ಅದರಲ್ಲಿ ಆಸಕ್ತಿಯುಳ್ಳವರು ನಿಗದಿಯಾದ ಹೊತ್ತಿಗೆ ಅಲ್ಲಿಗೆ ಹೋಗುತ್ತಾರೆ. ಇದು ಗಣಕಯಂತ್ರದ ಯುಗದ ಸೃಷ್ಟಿ, ಕ್ಯಾಲಿಫೋರ್ನಿಯದ ತರುಣರು ಕಂಡುಹಿಡಿದ ಆಟ ಎಂಬ ಭಾವನೆ ಸಾಮಾನ್ಯವಾಗಿದೆ. ನನಗೆ ತೋರುವಮಟ್ಟಿಗೆ ಅದರ ಬೇರು ಬಹಳ ಹಿಂದಕ್ಕೂ ಬಹಳ ಆಳಕ್ಕೂ ಹೋಗುತ್ತದೆ: ಇಂಗ್ಲೆಂಡಿನ ಯಾರ್ಕ್‌ಷೈರಿನ ಕಲ್ಲಿದ್ದಲ ಗಣಿಯ ಕತ್ತಲೆಗೆ, ವರ್ಜೀನಿಯದ ಹೊಲಿಗೆಯ ಕಾರ್ಖಾನೆಗೆ, ನಮ್ಮ ಅಹಮದಾಬಾದಿನ ಗಿರಣಿಯ ಮಗ್ಗಗಳ ಸದ್ದಿನೊಳಕ್ಕೆ. ಸಭೆಯನ್ನು ಹೇಗೆ ನಡೆಸಬೇಕೆಂಬ ಪ್ರಶ್ನೆ ಅಲ್ಲಿ ಮೊದಲು ಹುಟ್ಟಿದುದು ಕೆಲಸವನ್ನು ಹೇಗೆ ನಡೆಸಬೇಕೆಂಬ ಪ್ರಶ್ನೆಯಾಗಿ. ಈ ಎರಡನೆಯ ಪ್ರಶ್ನೆಯನ್ನು ಮರೆತು ಮೊದಲನೆಯದನ್ನು ಮಾತ್ರ ನಾವು ಉಳಿಸಿಕೊಂಡಿದ್ದೇವೆ; ಅದಕ್ಕಾಗಿಯೇ ಈ ಪೂರ್ವಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆನಿಸಿತು.

ನೆರೆದವರೇ ವಿಷಯವನ್ನು ತರುವ ಸಭೆ ನಮಗೆ ಸಂಪೂರ್ಣ ಅಪರಿಚಿತವೆಂದು ಮಾತ್ರ ಹೇಳತಕ್ಕುದಲ್ಲ. 1881ರ ದಸರೆಯ ಕಾಲದಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಅಲ್ಲಿ ದಿವಾನರ ಭಾಷಣವಾದ ಬಳಿಕ ತಾಲ್ಲೂಕು ತಾಲ್ಲೂಕಿನಿಂದ ಬಂದ ರೈತರೂ ವರ್ತಕರೂ ತಮ್ಮ ತಮ್ಮ ಊರಿನ ಕೆರೆ, ರಸ್ತೆ, ಕಂದಾಯಗಳ ಅಹವಾಲುಗಳನ್ನು ತಾವೇ ಮುಂದಿಡುವ ಪದ್ಧತಿ ಬೆಳೆಯಿತು. ಭಾರತದ ಸಂಸ್ಥಾನಗಳಲ್ಲಿ ಅದು ಅಪೂರ್ವವಾದ ಉಪಕ್ರಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶಾಸನವನ್ನು ಮಾಡುವ ಅಧಿಕಾರ ಆ ಸಭೆಗೆ ಇರಲಿಲ್ಲ; ಹೇಳುವುದು ಪ್ರಜೆಯ ಹಕ್ಕು, ನಿರ್ಣಯಿಸುವುದು ಸರ್ಕಾರದ ಹಕ್ಕು ಎಂಬಂತೆ ಗೆರೆ ಸ್ಪಷ್ಟವಾಗಿತ್ತು. ಮಾತಿನ ಹಕ್ಕಿಗೂ ವ್ಯವಸ್ಥೆಯ ಹಕ್ಕಿಗೂ ನಡುವಣ ಈ ಗೆರೆಯನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ತಿಳಿಯುತ್ತದೆ.

ಕಲ್ಲಿದ್ದಲ ಗಣಿಯ ಕೆಲಸವು ಯಂತ್ರಗಳು ಬರುವುದಕ್ಕೆ ಮೊದಲು ಹೇಗಿತ್ತೆಂಬುದನ್ನು ತಿಳಿಯುವುದು ಇಲ್ಲಿ ಅವಶ್ಯಕ. ಇಬ್ಬರು ಗಣಿಗಾರರು ಜೊತೆಯಾಗುತ್ತಿದ್ದರು. ಕೆಲವೊಮ್ಮೆ ಅವರಿಗೆ ಬಂಡಿ ತಳ್ಳುವ ಹುಡುಗನೊಬ್ಬನಿರುತ್ತಿದ್ದನು. ಜೊತೆಗಾರನನ್ನು ಅವರವರೇ ಆರಿಸಿಕೊಳ್ಳುತ್ತಿದ್ದರಲ್ಲದೆ ಯಜಮಾನನು ನೇಮಿಸುತ್ತಿರಲಿಲ್ಲ. ಪದರದ ಒಂದು ಸಣ್ಣ ಭಾಗವನ್ನು ಇಡಿಯಾಗಿ ವಹಿಸಿಕೊಂಡು, ಕಲ್ಲಿದ್ದಲನ್ನು ಕಡಿಯುವುದು, ತುಂಬುವುದು, ಮೇಲ್ಛಾವಣಿ ಕುಸಿಯದಂತೆ ಮರದ ಊರೆಗಳನ್ನು ಕೊಡುವುದು, ಮುಂದಕ್ಕೆ ಸರಿಯುವುದು, ಹೀಗೆ ಆದ್ಯಂತವಾಗಿ ಎಲ್ಲವನ್ನೂ ತಾವೇ ಮಾಡುತ್ತಿದ್ದರು. ಕೂಲಿಯ ಚೀಟಿ ಇಬ್ಬರಿಗೂ ಒಂದೇ. ಒಬ್ಬನು ಗಾಯಗೊಂಡರೆ, ಅಥವಾ ಸತ್ತರೆ, ಅವನ ಮನೆಯವರ ಯೋಗಕ್ಷೇಮವನ್ನು ಇನ್ನೊಬ್ಬನು ನೋಡಿಕೊಳ್ಳುವಷ್ಟು ಆ ಬಾಂಧವ್ಯ ಗಾಢವಾಗಿರುತ್ತಿತ್ತು. ಭೂಮಿಯ ಒಡಲಿನಲ್ಲಿ, ಮಂದದೀಪದ ಬೆಳಕಿನಲ್ಲಿ, ಯಾವ ಕ್ಷಣ ಏನಾಗುವುದೋ ತಿಳಿಯದ ಸ್ಥಳದಲ್ಲಿ, ಮೇಲಿನಿಂದ ಒಬ್ಬನು ನಿಂತು ಆಜ್ಞೆ ಮಾಡುವುದು ಅಸಾಧ್ಯವಾದುದರಿಂದ ಕೆಲಸದ ವಿವೇಚನೆಯೆಲ್ಲ ಕೆಲಸಗಾರನಲ್ಲಿಯೇ ನೆಲೆಸಿತ್ತು.

ಅನಂತರ ಕತ್ತರಿಸುವ ಯಂತ್ರಗಳೂ ಸಾಗಣೆಯ ಪಟ್ಟಿಗಳೂ ಬಂದುವು. ಸಣ್ಣ ಸಣ್ಣ ಮುಖಗಳ ಬದಲು ನೂರಾರು ಗಜ ಉದ್ದದ ಒಂದೇ ಗೋಡೆಯನ್ನು ಕಡಿಯುವ ಪದ್ಧತಿ ಬಂದಿತು. ನಲವತ್ತು ಐವತ್ತು ಜನರನ್ನು ಮೂರು ಪಾಳಿಗಳಾಗಿ ಒಡೆದರು: ಒಂದು ಪಾಳಿಯವರು ಕತ್ತರಿಸತಕ್ಕುದು, ಇನ್ನೊಂದು ಪಾಳಿಯವರು ತುಂಬತಕ್ಕುದು, ಮತ್ತೊಂದು ಪಾಳಿಯವರು ಪಟ್ಟಿಯನ್ನು ಸರಿಸಿ ಛಾವಣಿಯ ಕೆಲಸ ಮಾಡತಕ್ಕುದು. ಒಬ್ಬೊಬ್ಬನಿಗೂ ಒಂದೊಂದೇ ಕೆಲಸ, ಒಂದೊಂದು ಬಗೆಯ ಕೂಲಿ. ಹಿಂದಿನ ಪಾಳಿಯವರ ಲೋಪ ಮುಂದಿನ ಪಾಳಿಯವರ ತಲೆಯ ಮೇಲೆ ಬೀಳುತ್ತಿತ್ತು, ಕೆಲವು ವೇಳೆ ಅಕ್ಷರಶಃ. ಆದರೆ ಆ ಎರಡು ಪಾಳಿಗಳ ಜನರು ಒಬ್ಬರನ್ನೊಬ್ಬರು ಸಂಧಿಸುವ ಅವಕಾಶವೇ ಇರಲಿಲ್ಲ. ಇಡಿಯಾದ ಕೆಲಸವು ಈಗ ಯಾರದೂ ಆಗಿರಲಿಲ್ಲ. ಯಂತ್ರಗಳು ಹೆಚ್ಚಿದುವು, ಉತ್ಪತ್ತಿ ಹೆಚ್ಚಲಿಲ್ಲ. ಗೈರುಹಾಜರಿ ಹೆಚ್ಚಿತು, ಕಲಹ ಹೆಚ್ಚಿತು, ವೈದ್ಯರು ಕಾರಣವನ್ನು ಹುಡುಕಲಾರದ ವ್ಯಾಧಿಗಳು ಹೆಚ್ಚಿದುವು. 1947ರ ಜನವರಿ 1ರಂದು ಬ್ರಿಟನ್ನಿನ ಗಣಿಗಳೆಲ್ಲ ರಾಷ್ಟ್ರದ ಸ್ವತ್ತಾದುವು; ಒಡೆಯನು ಬದಲಾದನು, ಪಾಳಿಯ ಪದ್ಧತಿ ಬದಲಾಗಲಿಲ್ಲ.

ಈ ಸಂದರ್ಭದಲ್ಲಿಯೇ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಹೆಸರು ನಮ್ಮ ಕಥೆಯೊಳಕ್ಕೆ ಬರುವುದು. ಯುದ್ಧಕಾಲದಲ್ಲಿ ಸೈನ್ಯದ ಮನೋವೈದ್ಯರಾಗಿದ್ದವರನೇಕರು ಸೇರಿ ಕಟ್ಟಿದ ಸಂಸ್ಥೆಯದು. ಅವರ ಬಳಗದಲ್ಲಿ ಪ್ರಭಾವಶಾಲಿಯಾಗಿದ್ದ ವಿಲ್‌ಫ್ರೆಡ್ ಬಿಯಾನ್ 1897ರಲ್ಲಿ ನಮ್ಮ ಮಥುರೆಯಲ್ಲಿ ಹುಟ್ಟಿದವನು. ಸೈನ್ಯಾಧಿಕಾರಿಗಳನ್ನು ಆರಿಸುವ ಮಂಡಳಿಗಳಿಗೆ ಅವನು ಸೂಚಿಸಿದ ಪರೀಕ್ಷೆ ವಿಚಿತ್ರವಾಗಿತ್ತು: ಕೆಲವು ಅಭ್ಯರ್ಥಿಗಳನ್ನು ಒಟ್ಟಿಗೆ ಬಿಟ್ಟು, ಒಂದು ಸೇತುವೆಯನ್ನು ಕಟ್ಟಿರೆಂದೋ ಮತ್ತೊಂದು ಕೆಲಸವನ್ನು ಮಾಡಿರೆಂದೋ ಹೇಳಿ, ನಾಯಕನಾರೆಂಬುದನ್ನು ಮಾತ್ರ ಹೇಳದೆ ಸುಮ್ಮನೆ ನೋಡುತ್ತಿರುವುದು. ನಾಯಕನನ್ನು ಮೇಲಿನಿಂದ ಇಳಿಸದಿದ್ದರೆ ಗುಂಪು ಚದರಿಹೋಗದೆ ತನ್ನ ವ್ಯವಸ್ಥೆಯನ್ನು ತಾನೇ ಹುಡುಕಿಕೊಳ್ಳುತ್ತದೆಂಬುದು, ಶಿಸ್ತಿಗೆ ಪ್ರಖ್ಯಾತವಾದ ಸೈನ್ಯದಲ್ಲಿಯೇ ಹೀಗೆ ಗೋಚರಕ್ಕೆ ಬಂದಿತು.

ಟ್ಯಾವಿಸ್ಟಾಕಿನಲ್ಲಿ ಶಿಕ್ಷಣಕ್ಕೆಂದು ಬಂದಿದ್ದವರಲ್ಲಿ ಕೆನ್ ಬ್ಯಾಮ್‌ಫರ್ತ್ ಎಂಬವನು ಮೊದಲು ಸ್ವತಃ ಗಣಿಗಾರನಾಗಿದ್ದವನು. ತಾನು ಹಿಂದೆ ದುಡಿದಿದ್ದ ಗಣಿಗೆ ಅವನು ಮತ್ತೊಮ್ಮೆ ಹೋಗಿಬಂದು ವಿಸ್ಮಯಕರವಾದ ವರ್ತಮಾನವನ್ನು ತಂದನು. ದಕ್ಷಿಣ ಯಾರ್ಕ್‌ಷೈರಿನ ಹೇಗ್‌ಮೂರ್ ಎಂಬ ಪದರದಲ್ಲಿ, ಛಾವಣಿಯನ್ನು ಕಾಯುವ ಹೊಸ ವಿಧಾನವೊಂದು ಬಂದುದನ್ನೇ ಅವಕಾಶವಾಗಿ ಮಾಡಿಕೊಂಡು, ಗಣಿಗಾರರೂ ಅಲ್ಲಿನ ವ್ಯವಸ್ಥಾಪಕನೂ ಸಮಾಲೋಚಿಸಿ ಹಳೆಯ ಕೂಡುಕೆಲಸವನ್ನು ಹೊಸ ಯಂತ್ರಗಳೊಂದಿಗೆ ಹೊಂದಿಸಿಕೊಂಡಿದ್ದರು. ಯಾರು ಯಾವ ಕೆಲಸವನ್ನಾದರೂ ಮಾಡಬಹುದು; ಪಾಳಿಗಳ ಹಂಚಿಕೆ ಗುಂಪಿನದೇ; ಮೇಲ್ವಿಚಾರಣೆ ಅತ್ಯಲ್ಪ. ಟ್ಯಾವಿಸ್ಟಾಕಿನ ಎರಿಕ್ ಟ್ರಿಸ್ಟನು ಬ್ಯಾಮ್‌ಫರ್ತನೊಡನೆ ಸೇರಿ 1951ರಲ್ಲಿ ಪ್ರಕಟಿಸಿದ ಪ್ರಬಂಧವು ಉದ್ದಗೋಡೆಯ ಪದ್ಧತಿಯು ಗಣಿಗಾರರ ಬಾಳಿಗೆ ಮಾಡಿದ ಹಾನಿಯ ವಿಶ್ಲೇಷಣೆ. ಅದರ ಸಿದ್ಧಾಂತವನ್ನು ಸರಳವಾಗಿ ಹೇಳುವುದಾದರೆ, ಯಂತ್ರವು ಕೆಲಸದ ರೂಪವನ್ನು ತಾನೇ ನಿರ್ಧರಿಸುವುದಿಲ್ಲ. ಒಂದೇ ಯಂತ್ರದ ಸುತ್ತ ಮನುಷ್ಯರು ಬೇರೆ ಬೇರೆ ರೀತಿಯಲ್ಲಿ ನಿಲ್ಲಬಹುದು, ಹೇಗೆ ನಿಲ್ಲಬೇಕೆಂಬುದು ಆಯ್ಕೆಯ ವಿಷಯ. ಇದಕ್ಕೆ ಪ್ರಮಾಣ ಸ್ವಲ್ಪ ಕಾಲಾನಂತರ ಡರ್ಹಮ್ ಪ್ರಾಂತದ ಗಣಿಗಳಲ್ಲಿ ದೊರೆಯಿತು. ಒಂದೇ ಬಗೆಯ ಪದರ, ಒಂದೇ ಬಗೆಯ ಯಂತ್ರ, ತಲಾ 41 ಜನ; ಒಂದು ತಂಡ ವಿಭಜನೆಯ ಪದ್ಧತಿಯದು, ಇನ್ನೊಂದು ತನ್ನ ಕೆಲಸವನ್ನೂ ಕೂಲಿಯನ್ನೂ ತಾನೇ ಹಂಚಿಕೊಳ್ಳುವಂಥದು. ಮೊದಲನೆಯದರಲ್ಲಿ ಗೈರುಹಾಜರಿ ನೂರಕ್ಕೆ 20, ಎರಡನೆಯದರಲ್ಲಿ 8 ಚಿಲ್ಲರೆ. ಸಾಧ್ಯವಿದ್ದ ಉತ್ಪತ್ತಿಯಲ್ಲಿ ಮೊದಲನೆಯದು ಪಡೆದುದು ನೂರಕ್ಕೆ 78, ಎರಡನೆಯದು 95. ಇಷ್ಟು ಸ್ಪಷ್ಟವಾದ ಫಲವಿದ್ದರೂ ಗಣಿಗಳ ರಾಷ್ಟ್ರೀಯ ಮಂಡಳಿಯು ಈ ಪದ್ಧತಿಯನ್ನು ಹರಡಲು ಉತ್ಸಾಹ ತೋರಲಿಲ್ಲ. ಅಂಕಿಗಳು ಸಾಲದೆ ಹೋದುದರಿಂದಲ್ಲ, ಆಜ್ಞೆ ಮಾಡುವವರ ಸ್ಥಾನವು ಇದರಿಂದ ಸಡಿಲವಾಗುತ್ತದೆಂಬುದರಿಂದ ಅದು ಹಿಂಜರಿಯಿತೆಂದು ನಾನು ನಂಬುತ್ತೇನೆ.

ಇದೇ ಕಾಲದಲ್ಲಿ ಅಟ್ಲಾಂಟಿಕ್ ಸಾಗರದ ಆಚೆ ಕುರ್ಟ್ ಲೆವಿನ್ ಎಂಬ ಮಹಾನುಭಾವನು ಇದೇ ಸತ್ಯದ ಹತ್ತಿರಕ್ಕೆ ಬೇರೆ ದಾರಿಯಿಂದ ಬಂದನು. ಹಿಟ್ಲರನ ಜರ್ಮನಿಯನ್ನು 1933ರಲ್ಲಿ ತೊರೆದುಬಂದ ಯೆಹೂದ್ಯನಾತ. ಜನರ ಗುಂಪು ಸರ್ವಾಧಿಕಾರಕ್ಕೆ ಹೇಗೆ ಮಣಿಯುತ್ತದೆ, ಹೇಗೆ ಮಣಿಯದೆ ನಿಲ್ಲುತ್ತದೆ ಎಂಬುದು ಅವನಿಗೆ ಪಾಂಡಿತ್ಯದ ಪ್ರಶ್ನೆ ಮಾತ್ರವಾಗಿರಲಿಲ್ಲ. 1946ರ ಬೇಸಗೆಯಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ಎಂಬ ಊರಿನಲ್ಲಿ, ಜನಾಂಗ ಜನಾಂಗಗಳ ವೈಮನಸ್ಯವನ್ನು ಕಡಮೆ ಮಾಡತಕ್ಕ ಕಾರ್ಯಕರ್ತರಿಗಾಗಿ ಅವನ ನೇತೃತ್ವದಲ್ಲಿ ಒಂದು ಶಿಬಿರ ನಡೆಯಿತು. ಹಗಲೆಲ್ಲ ಚರ್ಚೆ, ಸಂಜೆ ಸಂಶೋಧಕರು ಮಾತ್ರ ಪ್ರತ್ಯೇಕವಾಗಿ ಸೇರಿ, ಹಗಲು ಯಾರು ಹೇಗೆ ವರ್ತಿಸಿದರೆಂಬುದನ್ನು ತಮ್ಮ ಟಿಪ್ಪಣಿಗಳಿಂದ ಓದಿಕೊಂಡು ವಿಚಾರ ಮಾಡುತ್ತಿದ್ದರು. ಒಂದು ಸಂಜೆ ಕೆಲವು ಶಿಬಿರಾರ್ಥಿಗಳು ತಾವೂ ಕೇಳಬಹುದೆ ಎಂದು ಬಂದು ನಿಂತರು. ಸಂಶೋಧಕರಲ್ಲಿ ಅನೇಕರಿಗೆ ಮುಜುಗರವಾಯಿತು. ಲೆವಿನ್ ಒಳಗೆ ಬರಮಾಡಿಕೊಂಡನು. ವೀಕ್ಷಕನೊಬ್ಬನು ಅವರಲ್ಲಿ ಒಬ್ಬ ಮಹಿಳೆಯ ನಡತೆಯನ್ನು ವಿವರಿಸುತ್ತಿರುವಾಗ ಆಕೆ ತಡೆದು, ಆದುದು ಹಾಗಲ್ಲವೆಂದು ತನ್ನ ಅನುಭವವನ್ನು ತಾನೇ ಹೇಳತೊಡಗಿದಳು. ಆ ಸಂಜೆಯ ಚರ್ಚೆಗೆ ಬಂದ ಜೀವಕಳೆಯನ್ನು ಕಂಡು ಮರುದಿನಗಳಲ್ಲಿ ಶಿಬಿರದವರೆಲ್ಲರೂ ಬರಲು ಮೊದಲುಮಾಡಿದರು. ಯಾರ ವಿಷಯವಾಗಿ ಮಾತು ನಡೆಯುತ್ತಿದೆಯೋ ಅವರೇ ಆ ಮಾತಿನಲ್ಲಿ ಪಾಲುಗಾರರಾದಾಗ ಜ್ಞಾನದ ಸ್ವರೂಪವೇ ಬೇರೆಯಾಗುವುದೆಂಬುದು ಆ ಸಂಜೆಗಳ ಲಾಭ. ಮಾರನೆಯ ವರ್ಷ ಮೇಯ್ನ್ ರಾಜ್ಯದ ಬೆತೆಲ್ ಎಂಬಲ್ಲಿ ಈ ಕ್ರಮವೇ ಒಂದು ಸಂಸ್ಥೆಯಾಗಿ ನೆಲೆಗೊಂಡಿತು. ಅದನ್ನು ನೋಡಲು ಲೆವಿನ್ ಇರಲಿಲ್ಲ, 1947ರ ಫೆಬ್ರವರಿಯಲ್ಲಿಯೇ ಅವನು ತೀರಿಕೊಂಡಿದ್ದನು.

ಲೆವಿನ್ನನ ಶಿಷ್ಯವರ್ಗದವರು ವರ್ಜೀನಿಯದ ಮೇರಿಯನ್ನಿನಲ್ಲಿದ್ದ ಹಾರ್‌ವುಡ್ ಎಂಬ ಪೈಜಾಮ ಹೊಲಿಯುವ ಕಾರ್ಖಾನೆಯಲ್ಲಿ ನಡೆಸಿದ ಪ್ರಯೋಗವನ್ನೂ ಇಲ್ಲಿ ಹೇಳಬೇಕು. ಕೆಲಸದ ರೀತಿಯನ್ನು ಸ್ವಲ್ಪ ಬದಲಿಸಬೇಕಾಗಿ ಬಂದಾಗ ಒಂದು ತಂಡಕ್ಕೆ ಅದನ್ನು ವಿವರಿಸಿ ಆಜ್ಞೆಯಾಗಿ ತಿಳಿಸಿದರು; ಬೇರೆ ತಂಡಗಳೊಡನೆ ಕುಳಿತು, ಬದಲಾವಣೆ ಏಕೆ ಬೇಕು, ಹೇಗೆ ಮಾಡಬಹುದು ಎಂಬುದನ್ನು ಹೆಂಗಸರೇ ವಿಚಾರಿಸಿ ರೂಪಿಸುವಂತೆ ಬಿಟ್ಟರು. ಆಜ್ಞೆ ಪಡೆದ ತಂಡದಲ್ಲಿ ನಲವತ್ತು ದಿನಗಳೊಳಗೆ ನೂರಕ್ಕೆ 17 ಮಂದಿ ಕೆಲಸ ಬಿಟ್ಟುಹೋದರು. ತಾವೇ ರೂಪಿಸಿಕೊಂಡ ತಂಡಗಳಲ್ಲಿ ಒಬ್ಬರೂ ಬಿಡಲಿಲ್ಲ, ಉತ್ಪತ್ತಿಯೂ ಹಿಂದಿನದನ್ನು ಮೀರಿತು. 1948ರಲ್ಲಿ ಪ್ರಕಟವಾದ ಈ ವರದಿಯಲ್ಲಿ ಸಭೆ ಯಾವುದು, ಕೆಲಸ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಕಾರ್ಖಾನೆಯ ಕೋಣೆಯಲ್ಲಿ ಕುಳಿತು ಆಡಿದ ಮಾತೇ ಮರುದಿನದ ಹೊಲಿಗೆಯ ಕ್ರಮವಾಯಿತು.

ಇನ್ನು ಅಹಮದಾಬಾದು. ಈ ಅಧ್ಯಾಯವನ್ನು ನಮ್ಮ ದೇಶದವರೇ ಮರೆತಿರುವುದು ನನಗೆ ನೋವಿನ ಸಂಗತಿ. ವಿಕ್ರಮ ಸಾರಾಭಾಯಿ ಅವರ ಅಣ್ಣ ಗೌತಮ ಸಾರಾಭಾಯಿ ಅವರು ಕ್ಯಾಲಿಕೊ ಗಿರಣಿಯ ಮುಖ್ಯಸ್ಥರಾಗಿದ್ದಾಗ, 1952ರಲ್ಲಿ ಅಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ಹೂಡಿದರು. ಮಗ್ಗಗಳು ಉತ್ತಮವಾಗಿದ್ದುವು, ನೇಕಾರರು ನಿಪುಣರಾಗಿದ್ದರು, ಆದರೂ ಬಟ್ಟೆಯ ಪ್ರಮಾಣವೂ ಗುಣವೂ ನಿರೀಕ್ಷೆಗೆ ಬರಲಿಲ್ಲ. ಟ್ಯಾವಿಸ್ಟಾಕಿನಿಂದ ಎ. ಕೆ. ರೈಸ್ ಎಂಬವನು ಬಂದು ನೋಡಿದಾಗ ಅಲ್ಲಿ 224 ಮಗ್ಗಗಳಿಗೆ 29 ಜನರಿದ್ದರು; ಅವರ ಕೆಲಸವನ್ನು ಹನ್ನೆರಡು ಬಗೆಯಾಗಿ ಹರಿದು ಹಂಚಿದ್ದರು. ಮಗ್ಗವನ್ನು ನೋಡಿಕೊಳ್ಳುವವನೊಬ್ಬ, ಕಂಡಿಕೆ ತುಂಬುವವನೊಬ್ಬ, ಹಾಸಿನ ನೂಲು ರಾಶಿಯಾಗಿ ಕಡಿದಾಗ ಕಟ್ಟುವವನೊಬ್ಬ, ನೇಯ್ದ ಬಟ್ಟೆಯನ್ನು ಹೊರುವವನೊಬ್ಬ, ಎಣ್ಣೆ ಬಿಡುವವನೊಬ್ಬ, ಗುಡಿಸುವವನೊಬ್ಬ, ಇವರೆಲ್ಲರ ಮೇಲೆ ಜಾಬರೆಂಬ ಮೇಸ್ತ್ರಿಗಳು. ಒಬ್ಬೊಬ್ಬರಿಗೆ ವಹಿಸಿದ ಮಗ್ಗಗಳ ಸಂಖ್ಯೆಯೂ ಒಂದೊಂದು. ಆದುದರಿಂದ ಒಬ್ಬನು ಇಂದು ಯಾರೊಡನೆ ಕೆಲಸ ಮಾಡುತ್ತಿರುವೆನೆಂಬುದನ್ನು ಹೇಳಲು ಅವನಿಗೇ ಸಾಧ್ಯವಿರಲಿಲ್ಲ. ಸಾಲು ಸಾಲು ಮಗ್ಗಗಳ ನಡುವೆ ಇಪ್ಪತ್ತೊಂಬತ್ತು ಒಂಟಿಜನರು ಓಡಾಡುತ್ತಿದ್ದರು.

ರೈಸನ ಸಲಹೆ ಅತ್ಯಂತ ಸರಳವಾಗಿತ್ತು: 64 ಮಗ್ಗಗಳಿಗೆ ಏಳು ಜನರ ಒಂದೊಂದು ತಂಡವಿರಲಿ, ತಂಡದ ಒಳಗಿನ ಹಂಚಿಕೆ ತಂಡದ್ದೇ ಆಗಲಿ, ಕೂಲಿಯ ದರ್ಜೆಗಳು ಕಡಮೆಯಾಗಲಿ. ಅವನು ಇದನ್ನು ಚರ್ಚೆಗಾಗಿ ಮುಂದಿಟ್ಟನೇ ಹೊರತು ಜಾರಿಗೆ ತರುವ ಕ್ರಮವನ್ನು ಇನ್ನೂ ಆಲೋಚಿಸಿರಲಿಲ್ಲ. ಆದರೆ ಮಾತು ಮಗ್ಗದ ಶಾಲೆಯನ್ನು ಮುಟ್ಟಿದೊಡನೆಯೇ ಅಲ್ಲಿಯ ಕೆಲಸಗಾರರೂ ಮೇಲ್ವಿಚಾರಕರೂ ಅದನ್ನು ತಮ್ಮದಾಗಿ ಮಾಡಿಕೊಂಡು, ಯಾರು ಯಾರೊಡನೆ ಸೇರಬೇಕೆಂಬುದನ್ನು ಪರಸ್ಪರ ಒಪ್ಪಿಗೆಯಿಂದ ತೀರ್ಮಾನಿಸಿ, ತಂಡಗಳನ್ನು ತಾವೇ ಕಟ್ಟಿಕೊಂಡು ಬಂದರು. ಯಾವ ಆಜ್ಞೆಯೂ ಹೊರಟಿರಲಿಲ್ಲ. ಯಾವ ಶಿಕ್ಷಣವೂ ನಡೆದಿರಲಿಲ್ಲ. 1953ರಲ್ಲಿ ಗುಜರಾತಿನ ಗಿರಣಿಯೊಂದರಲ್ಲಿ, ಅಕ್ಷರಾಭ್ಯಾಸ ಅಷ್ಟಾಗಿ ಇಲ್ಲದ ಕೂಲಿಕಾರರು, ಮುಂದೆ ಲೋಕದ ವ್ಯವಹಾರಶಾಸ್ತ್ರಜ್ಞರು ದೊಡ್ಡ ದೊಡ್ಡ ಶುಲ್ಕ ಪಡೆದು ಬೋಧಿಸಲಿದ್ದ ಕ್ರಮವನ್ನು ಹೀಗೆ ತಾವಾಗಿಯೇ ನಡೆಸಿ ತೋರಿಸಿದರು. ಉತ್ಪತ್ತಿ ಏರಿತು, ಕೆಟ್ಟ ಬಟ್ಟೆಯ ಪ್ರಮಾಣ ಇಳಿಯಿತು. ರೈಸನು ಇದನ್ನೆಲ್ಲ 1958ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. 1970ರ ವೇಳೆಗೆ ಅವನ ಸಹೋದ್ಯೋಗಿ ಎರಿಕ್ ಮಿಲ್ಲರ್ ಬಂದು ನೋಡಿದಾಗ, ಒಂದು ಮಗ್ಗದ ಶಾಲೆಯಲ್ಲಿ ತಂಡದ ಪದ್ಧತಿ ಬಹುಮಟ್ಟಿಗೆ ಅಚ್ಚಳಿಯದೆ ನಿಂತಿತ್ತು. ಉಳಿದೆಡೆ ಸಡಿಲವಾಗಿ ಹಳೆಯ ಚಾಳಿಗೆ ಮರಳಿತ್ತು. ಈಗ ಆ ಗಿರಣಿಯೇ ಇಲ್ಲ.

ಗಣಿಯಿಂದಲೂ ಗಿರಣಿಯಿಂದಲೂ ಬಂದ ಈ ಅರಿವು ಸಮ್ಮೇಳನದ ರೂಪವನ್ನು ತಾಳಿದುದು 1960ರಲ್ಲಿ. ಬ್ರಿಟಿಷ್ ಸರ್ಕಾರದ ಒತ್ತಾಯದಿಂದ ವಿಮಾನದ ಎಂಜಿನು ಮಾಡುವ ಎರಡು ಕಂಪನಿಗಳು ಹಿಂದಿನ ವರ್ಷ ಕೂಡಿ ಬ್ರಿಸ್ಟಲ್ ಸಿಡ್ಲಿ ಎಂದಾಗಿದ್ದುವು. ಕೂಡಿದುದು ಕಾಗದದ ಮೇಲೆ. ಎರಡು ಕಡೆಯ ಹಿರಿಯರ ಮನಸ್ಸು ಕೂಡಿರಲಿಲ್ಲ. ಅವರಿಗಾಗಿ ಏರ್ಪಡಿಸಬೇಕೆಂದಿದ್ದುದು ತಜ್ಞರ ಉಪನ್ಯಾಸಮಾಲೆಯನ್ನು. ಟ್ರಿಸ್ಟನೂ ಆಸ್ಟ್ರೇಲಿಯದಿಂದ ಬಂದಿದ್ದ ಫ್ರೆಡ್ ಎಮೆರಿಯೂ ಆ ಮಾಲೆಯನ್ನು ಕೈಬಿಡಿಸಿ, ಬಾರ್‌ಫರ್ಡ್ ಎಂಬಲ್ಲಿ ಅವರೆಲ್ಲರನ್ನೂ ಒಂದು ವಾರ ಒಟ್ಟಿಗೆ ಇರಿಸಿದರು. ಮೊದಲು ಲೋಕದಲ್ಲಿ ಏನಾಗುತ್ತಿದೆ, ತಮ್ಮ ಉದ್ಯಮದಲ್ಲಿ ಏನಾಗುತ್ತಿದೆ, ಅನಂತರ ತಾವು ಏನಾಗಬೇಕು ಎಂಬ ಕ್ರಮದಲ್ಲಿ, ಉತ್ತರಗಳನ್ನು ಹೊರಗಿನ ಪಂಡಿತರಿಂದ ಕೇಳದೆ ತಮ್ಮೊಳಗಿನಿಂದಲೇ ತೆಗೆಯಬೇಕೆಂಬುದು ಅಲ್ಲಿನ ನಿಯಮ. ಅನ್ವೇಷಣ ಸಮ್ಮೇಳನವೆಂದು ಪ್ರಸಿದ್ಧವಾದ ಪದ್ಧತಿಯ ಆರಂಭ ಇದೇ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು: ಹೇಗ್‌ಮೂರಿನ ಗಣಿಗಾರನಿಗೆ ಸಹಜವಾಗಿ ಒದಗಿದ್ದ ಸ್ವಾತಂತ್ರ್ಯವು ಸಮ್ಮೇಳನವಾಗಿ ಮಾರ್ಪಟ್ಟಾಗ ಮೊದಲು ಅನುಭವಿಸಿದವರು ಕಂಪನಿಯ ಮೇಲಿನ ಪಂಕ್ತಿಯ ಅಧಿಕಾರಿಗಳು.

ಎಮೆರಿಯು ಮುಂದೆ ನಾರ್ವೆಯಲ್ಲಿ ಐನಾರ್ ಥೋರ್ಸ್‌ರುಡ್ ಎಂಬವನೊಡನೆ ಸೇರಿ, ಕಾರ್ಮಿಕರ ಸಂಘ ಮತ್ತು ಮಾಲಿಕರ ಸಂಘಗಳೆರಡರ ಸಮ್ಮತಿಯಿಂದ, ತಂತಿ ಎಳೆಯುವ ಕಾರ್ಖಾನೆ, ಕಾಗದದ ಕಾರ್ಖಾನೆಗಳಲ್ಲಿ ಕೆಲಸದ ಪ್ರಯೋಗಗಳನ್ನು ನಡೆಸಿದನು. ಅವುಗಳ ಪ್ರಭಾವ ಆ ದೇಶದ 1977ರ ಕೆಲಸದ ಪರಿಸರದ ಶಾಸನದಲ್ಲಿ ಕಾಣುತ್ತದೆ. ಸ್ವೀಡನ್ನಿನ ವೋಲ್ವೊ ಕಂಪನಿಯು 1974ರಲ್ಲಿ ಕಾಲ್ಮಾರ್ ಎಂಬಲ್ಲಿ, ಸರಿಯುವ ಸಾಲನ್ನು ತೆಗೆದುಹಾಕಿ ತಂಡ ತಂಡವಾಗಿ ಕಾರು ಜೋಡಿಸುವ ಕಾರ್ಖಾನೆಯನ್ನು ಕಟ್ಟಿತು. ಇಪ್ಪತ್ತು ವರ್ಷದ ಬಳಿಕ ಅದನ್ನು ಮುಚ್ಚಿತು. ನಮ್ಮ ಸಂವಿಧಾನದಲ್ಲಿಯೂ 1976ರ ತಿದ್ದುಪಡಿಯ ಮೂಲಕ 43-ಎ ಎಂಬ ವಿಧಿ ಸೇರಿ, ಉದ್ಯಮಗಳ ನಿರ್ವಹಣೆಯಲ್ಲಿ ಕೆಲಸಗಾರರು ಭಾಗವಹಿಸುವಂತೆ ರಾಜ್ಯವು ಕ್ರಮ ಕೈಗೊಳ್ಳತಕ್ಕುದೆಂದು ವಿಧಿಸಿತು. ನಿರ್ದೇಶಕ ತತ್ತ್ವಗಳ ಸಾಲಿನಲ್ಲಿ ಅದು ಇಂದಿಗೂ ಇದೆ.

ಹೀಗೆ ಕೆಲಸದ ಪ್ರಯೋಗಗಳು ಒಂದೊಂದಾಗಿ ಕುಗ್ಗುತ್ತಿರುವಾಗಲೇ ಸಭೆಯ ಪ್ರಯೋಗವು ದಿಗಂತಗಳಿಗೆ ಹಬ್ಬತೊಡಗಿತು. ಅಮೆರಿಕದ ಹ್ಯಾರಿಸನ್ ಓವೆನ್ ಎಂಬವನು, ಮೊದಲು ಕ್ರೈಸ್ತ ಪಾದ್ರಿಯಾಗಿದ್ದವನು, 1983ರಲ್ಲಿ ಒಂದು ದೊಡ್ಡ ಸಮ್ಮೇಳನವನ್ನು ವರ್ಷಕಾಲ ಶ್ರಮಿಸಿ ಏರ್ಪಡಿಸಿದನು. ಮುಗಿದ ಮೇಲೆ ಬಂದವರೂ ಅವನೂ ಏಕಾಭಿಪ್ರಾಯವಾಗಿ ಹೇಳಿದುದು, ಅಲ್ಲಿ ನಿಜವಾಗಿ ಉಪಯುಕ್ತವಾದುದು ಕಾಫಿಯ ವಿರಾಮ ಮಾತ್ರವೆಂದು. ಪಶ್ಚಿಮ ಆಫ್ರಿಕದ ಲೈಬೀರಿಯದ ಬಲಾಮ ಎಂಬ ಹಳ್ಳಿಯಲ್ಲಿ ದಿನಗಟ್ಟಲೆ ನಡೆದ ಉತ್ಸವವೊಂದನ್ನು ಅವನು ಕಂಡಿದ್ದನು; ಅಲ್ಲಿ ಯೋಜನಾಸಮಿತಿಯೊಂದೂ ಇರಲಿಲ್ಲ, ಗ್ರಾಮದ ನಡುವಣ ವೃತ್ತಾಕಾರದ ಬಯಲೊಂದಿತ್ತು, ಎಲ್ಲವೂ ಅಲ್ಲಿಂದ ಹೊರಟು ಅಲ್ಲಿಗೇ ಬರುತ್ತಿತ್ತು. ಈ ಎರಡು ನೆನಪುಗಳನ್ನೂ ಕೂಡಿಸಿ 1985ರಲ್ಲಿ ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿ 85 ಮಂದಿಯನ್ನು ಮಂಡಲಾಕಾರವಾಗಿ ಕೂರಿಸಿ, ವಿಷಯಗಳನ್ನು ಬರೆದು ಗೋಡೆಗೆ ಅಂಟಿಸಿರೆಂದನು. ಕೆಲವೇ ಗಂಟೆಗಳೊಳಗೆ ಮೂರು ದಿನಗಳ ಕಾರ್ಯಸೂಚಿ ಸಿದ್ಧವಾಯಿತು. ತಾನಿರುವ ಗೋಷ್ಠಿಯಲ್ಲಿ ಕಲಿಯುವುದೂ ಕಲಿಸುವುದೂ ಏನೂ ಇಲ್ಲವೆಂದು ತೋರಿದವನು ಯಾರ ಅಪ್ಪಣೆಯನ್ನೂ ಕೇಳದೆ ಕಾಲ್ನಡಿಗೆಯಿಂದ ಇನ್ನೊಂದಕ್ಕೆ ಹೋಗಬಹುದೆಂಬುದು ಅವನ ಮುಖ್ಯ ನಿಯಮ.

ಕಾಲಿಗೆ ಕೊಟ್ಟ ಈ ಸ್ವಾತಂತ್ರ್ಯವನ್ನು ಕುರಿತು ನಾನು ಬಹಳ ಆಲೋಚಿಸಿದ್ದೇನೆ. ಅದು ಉದಾತ್ತವಾದುದು, ಮಾತನಾಡುವವನಿಗೆ ಅದು ವಿನಯವನ್ನು ಕಲಿಸುತ್ತದೆ, ಕೇಳುವವನಿಗೆ ಜವಾಬ್ದಾರಿಯನ್ನು ಹೊರಿಸುತ್ತದೆ. ಆದರೆ ಗಣಿಯ ಮುಖದಲ್ಲಿ ನಿಂತವನು ಹಾಗೆ ಎದ್ದು ಹೋಗುವಂತಿರಲಿಲ್ಲ, ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಅವನು ಬಯಸಿದ ಸ್ವಾತಂತ್ರ್ಯ ಇದ್ದಲ್ಲಿಯೇ ಇದ್ದು, ಜೊತೆಗಾರನನ್ನು ಆರಿಸಿಕೊಂಡು, ಇಡೀ ಕೆಲಸವನ್ನು ತನ್ನದಾಗಿ ಮಾಡುವಂಥದು. ಎದ್ದು ಹೋಗುವ ಹಕ್ಕು ಅತಿಥಿಯದು. ನೆಲೆನಿಂತು ವ್ಯವಸ್ಥೆ ಮಾಡುವ ಹಕ್ಕು ಮನೆಯವನದು.

2001ರಲ್ಲಿ ತಂತ್ರಾಂಶ ಬರೆಯುವ ಹದಿನೇಳು ಮಂದಿ ಅಮೆರಿಕದ ಯೂಟಾ ಪರ್ವತಗಳಲ್ಲಿ ಸೇರಿ, ಒಳ್ಳೆಯ ವಿನ್ಯಾಸ ಹುಟ್ಟುವುದು ತನ್ನನ್ನು ತಾನೇ ವ್ಯವಸ್ಥೆಗೊಳಿಸಿಕೊಳ್ಳುವ ತಂಡದಿಂದ ಎಂಬ ತತ್ತ್ವವನ್ನು ಸಾರಿದಾಗ, ಗಣಿಯ ಮಾತೇ ಗಣಕದ ಭಾಷೆಯಲ್ಲಿ ಮರಳಿ ಕೇಳಿಸಿತು. 2005ರ ಆಗಸ್ಟಿನಲ್ಲಿ ಪಾಲೊ ಆಲ್ಟೊದ ಒಂದು ಕಚೇರಿಯಲ್ಲಿ, ಆಹ್ವಾನಿತರಿಗೆ ಮಾತ್ರ ಪ್ರವೇಶವಿದ್ದ ಇನ್ನೊಂದು ಕೂಟಕ್ಕೆ ಪ್ರತಿಯಾಗಿ, ಯಾರು ಬೇಕಾದರೂ ಬರಬಹುದಾದ ಬಾರ್‌ಕ್ಯಾಂಪ್ ಎಂಬ ಸಭೆ ಒಂದೇ ವಾರದ ಸಿದ್ಧತೆಯಿಂದ ನಡೆಯಿತು. ಪ್ರೇಕ್ಷಕರಾಗಿ ಯಾರೂ ಬರತಕ್ಕುದಲ್ಲ, ಬಂದವರೆಲ್ಲ ಭಾಗಿಗಳು ಎಂಬುದು ಅದರ ಕಟ್ಟಳೆ. ಮರುವರ್ಷವೇ, 2006ರಲ್ಲಿ, ಅದು ಬೆಂಗಳೂರಿಗೆ ಬಂದಿತು. ಕಂಪನಿಗಳ ಕಚೇರಿಗಳಲ್ಲಿಯೂ ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣದಲ್ಲಿಯೂ ವಾರಾಂತ್ಯಗಳಲ್ಲಿ ಸೇರಿತು. ಸೋಮವಾರದಿಂದ ಶುಕ್ರವಾರದವರೆಗೆ ದೂರದೇಶದ ಗಿರಾಕಿಯು ನಿಗದಿಮಾಡಿದ ಕೆಲಸದ ಒಂದು ತುಣುಕನ್ನು ಮಾತ್ರ ನೋಡುತ್ತಿದ್ದ ಎಂಜಿನಿಯರುಗಳು ಶನಿವಾರ ಅಲ್ಲಿಗೆ ಬಂದು, ತಂತ್ರಾಂಶವನ್ನು ಮಾತ್ರವಲ್ಲದೆ ತಮಗೆ ಪ್ರಿಯವಾದ ಎಷ್ಟೋ ವಿಷಯಗಳನ್ನು ಯಾರ ಅಪ್ಪಣೆಯೂ ಇಲ್ಲದೆ ಒಬ್ಬರಿಗೊಬ್ಬರು ಕಲಿಸಿದರು. ಅವರ ಉತ್ಸಾಹ ನಿಷ್ಕಲ್ಮಷವಾದುದು. ಅದನ್ನು ನಾನು ಗೌರವಿಸುತ್ತೇನೆ. ಆದರೆ ಶನಿವಾರದ ಕಾರ್ಯಸೂಚಿಯನ್ನು ಬರೆದ ಕೈಗೆ ಸೋಮವಾರದ ಕಾರ್ಯಸೂಚಿಯನ್ನು ಮುಟ್ಟುವ ಅಧಿಕಾರವಿರಲಿಲ್ಲ. ಹಾರ್‌ವುಡ್ಡಿನಲ್ಲಿ ಒಂದೇ ಆಗಿದ್ದ ಸಭೆಯೂ ಕೆಲಸವೂ ಇಲ್ಲಿ ವಾರದ ಎರಡು ಭಾಗಗಳಾಗಿ ಒಡೆದಿದ್ದುವು.

ಅದೇ ನಗರದಲ್ಲಿ ಈಗ ಇನ್ನೊಂದು ಬಗೆಯ ಕೆಲಸ ಬೆಳೆದಿದೆ. ಊಟದ ಪೊಟ್ಟಣವನ್ನು ಮನೆ ಮನೆಗೆ ಒಯ್ಯುವವರೂ ಬಾಡಿಗೆಯ ಕಾರು ನಡೆಸುವವರೂ ಕೈಯಲ್ಲಿರುವ ಫೋನಿನಿಂದ ಒಂದೊಂದು ಕೆಲಸವನ್ನು ಒಂದೊಂದಾಗಿ ಪಡೆಯುತ್ತಾರೆ. ಜೊತೆಗಾರನಿಲ್ಲ, ಪಾಳಿಯ ಒಡನಾಡಿಗಳಿಲ್ಲ, ಆಜ್ಞೆ ಮಾಡುವವನ ಮುಖವನ್ನೂ ಕಾಣುವಂತಿಲ್ಲ. ರೈಸನು ಕ್ಯಾಲಿಕೊ ಗಿರಣಿಯಲ್ಲಿ ಕಂಡ ಒಂಟಿತನವೇ ನಗರದ ಅಗಲಕ್ಕೆ ಹರಡಿದೆ. ಹೋಟೆಲುಗಳ ಮುಂದಿನ ಮರದ ನೆರಳಿನಲ್ಲಿ ಬೈಕು ನಿಲ್ಲಿಸಿಕೊಂಡು, ಮುಂದಿನ ಆರ್ಡರ್ ಬರುವವರೆಗೆ, ಯಾವ ಕಂಪನಿ ದರವನ್ನು ಎಷ್ಟು ಇಳಿಸಿತು, ಯಾವ ಬೀದಿಯಲ್ಲಿ ಅಪಘಾತವಾಯಿತು, ಗಾಯಗೊಂಡವನಿಗೆ ಹಣ ಕೂಡಿಸುವುದು ಹೇಗೆ ಎಂದು ಅವರು ಆಡಿಕೊಳ್ಳುವ ಮಾತುಗಳಿಗೆ ಅಧ್ಯಕ್ಷನಿಲ್ಲ, ಆಹ್ವಾನಪತ್ರಿಕೆಯಿಲ್ಲ. ಗಾಯಗೊಂಡವನ ಮನೆಯನ್ನು ನೋಡಿಕೊಳ್ಳುವ ಹಳೆಯ ಗಣಿಗಾರರ ಧರ್ಮ ಅಲ್ಲಿ ತಾನಾಗಿ ತಲೆಯೆತ್ತಿದೆ. 2025ರಲ್ಲಿ ಕರ್ನಾಟಕ ಸರ್ಕಾರವು ಇಂಥ ಕೆಲಸಗಾರರ ಸಾಮಾಜಿಕ ಭದ್ರತೆಗಾಗಿ ಮೊದಲು ಸುಗ್ರೀವಾಜ್ಞೆಯನ್ನೂ ಬಳಿಕ ಶಾಸನವನ್ನೂ ತಂದು, ಅವರ ಪ್ರತಿನಿಧಿಗಳೂ ಕುಳಿತುಕೊಳ್ಳುವ ಕಲ್ಯಾಣ ಮಂಡಳಿಯೊಂದಕ್ಕೆ ಅವಕಾಶ ಮಾಡಿದೆ. ಆ ಮಂಡಳಿಯಲ್ಲಿ ಅವರು 1881ರ ಪ್ರತಿನಿಧಿಗಳಂತೆ ಅಹವಾಲನ್ನು ಓದಿ ಉತ್ತರಕ್ಕೆ ಕಾಯುವರೋ, ಅಥವಾ ಅಹಮದಾಬಾದಿನ ನೇಕಾರರಂತೆ ತಮ್ಮ ಕೆಲಸದ ಹಂಚಿಕೆಯನ್ನು ತಾವೇ ಬರೆದು ತರುವರೋ ಎಂಬುದನ್ನು ನೋಡಬೇಕಾಗಿದೆ; ಎರಡನೆಯದಕ್ಕೆ ಅವರು ಶಕ್ತರೆಂಬುದರಲ್ಲಿ, ಇಷ್ಟು ಇತಿಹಾಸವನ್ನು ಓದಿದ ಬಳಿಕ, ನನಗೆ ಸಂಶಯವಿಲ್ಲ.